ಗೋಡೆಯೊಳಗಿನ ನೀರು

ಹೆಣವನ್ನು ಎಲ್ಲಿ ತೊಳೆಯುತ್ತೀರಿ ಎಂದು ಲಕ್ಷ್ಮಿದೇವಮ್ಮ ಕೇಳಿದಾಗ ಅಕ್ಬರಿ ಇನ್ನೂ ಉಸಿರಾಡುತ್ತಿದ್ದಳು.

ಎದೆಯೊಳಗೆ ಯಾರೋ ಒದ್ದೆ ಗೋಣಿಚೀಲ ಎಳೆದಾಡಿದಂಥ ಉಸಿರು. ಬಾಗಿಲಲ್ಲಿ ನಿಂತ ಕುಲ್ಸುಮಳಿಗೆ ಅದು ಬೆನ್ನ ಹಿಂದಿನಿಂದ ಕೇಳುತ್ತಿತ್ತು. ಲಕ್ಷ್ಮಿದೇವಮ್ಮನಿಗೂ ಕೇಳುತ್ತಿರಲೇಬೇಕು. ಆದರೂ ಕೇಳಿದಳು.

"ಬೇಜಾರ್ ಮಾಡ್ಕಬ್ಯಾಡ ಕಣಮ್ಮಿ. ಮುದುಕಿ ಇವತ್ತೋ ನಾಳೆಯೋ ಅನ್ನಂಗವ್ಳೆ. ನಿಮ್ಮೋರು ಎಣಕ್ಕೆ ಮನೇಲೇ ನೀರ್ ಉಯ್ತೀರಂತೆ. ಮೇಲೆ ನಮ್ ಮೋನಿಕಾ ಬಸುರಿ. ಆ ನೀರು ಅಂಗಳದಾಗೆ ಅರುದ್ರೆ ಎಂಗೆ?"

"ಅಮ್ಮಾ, ಅವರು ಇನ್ನೂ ಇದ್ದಾರೆ."

"ಇರ್ಲಿ ಬಿಡು, ನೂರು ವರ್ಸ ಇರ್ಲಿ. ಮುಂದಾಗಿ ಒಂದ್ ಮಾತು ಏಳಿದೆ." ಸೆರಗಿನ ಅಡಿಯಿಂದ ಮುಚ್ಚಿದ ಪಾತ್ರೆ ತೆಗೆದು ಕೊಟ್ಟಳು. "ಬಸ್ಸಾರು. ಬಿಸಿಯಾಗೈತೆ. ಎರಡ್ ಗುಟುಕು ಕುಡ್ಸು."

ಕುಲ್ಸುಮ್ ಪಾತ್ರೆ ಇಸಿದುಕೊಂಡಳು. ಮನೆಯ ಒಡತಿ ಕೊಟ್ಟದ್ದಕ್ಕೆ ಬೇಡ ಅನ್ನುವ ಅಭ್ಯಾಸ ಅವಳಿಗಿರಲಿಲ್ಲ.

ಲಕ್ಷ್ಮಿದೇವಮ್ಮ ಹುಣಸಮಾರನಹಳ್ಳಿಯ ಹಳೆಯ ಒಕ್ಕಲು. ವಿಮಾನ ನಿಲ್ದಾಣದ ರಸ್ತೆ ಅಗಲವಾದ ಮೇಲೆ ಹೊಲ ಹೋಗಿ ಮೂರು ಅಂತಸ್ತಿನ ಕಟ್ಟಡ ಬಂದಿತ್ತು. ಹೊಲದ ಕಾಲದ್ದು ಎಂದು ಉಳಿದದ್ದು ಒಂದು ಹಸು. ಮೇಲೆ ಅವಳು, ಮಗ ಅಶ್ವತ್ಥ್, ಸೊಸೆ ಮೋನಿಕಾ. ಕೆಳಗೆ ಬಾಡಿಗೆ ಮನೆಗಳ ಸಾಲು. ಸಾಲಿನ ಕೊನೆಯದು, ಕೊಟ್ಟಿಗೆಗೆ ಬೆನ್ನು ಕೊಟ್ಟು ನಿಂತದ್ದು, ಕುಲ್ಸುಮ್ ಮತ್ತು ಅವಳ ಗಂಡ ನಜೀರನದು. ಅಕ್ಬರಿ ನಜೀರನ ತಾಯಿ. ಅವಳು ಸೊಪ್ಪಿನ ದಂಟು, ಕಲ್ಲಂಗಡಿ ಸಿಪ್ಪೆ ಎಲ್ಲವನ್ನೂ ಹಸುವಿಗೆಂದು ಎತ್ತಿಡುತ್ತಿದ್ದಳು. ಇಬ್ಬರು ಮುದುಕಿಯರೂ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು, ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ತಿಳಿದು ಅರ್ಧ ತಿಳಿಯದೆ, ನಗುತ್ತಿದ್ದರು. ಅದೆಲ್ಲ ಗೋಡೆ ಕಪ್ಪಾಗುವ ಮೊದಲು.

ಕಪ್ಪಾದದ್ದು ಕೊಟ್ಟಿಗೆಯ ಕಡೆಯ ಗೋಡೆ. ಮೊದಲು ಮೂಲೆಯಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು. ಆಮೇಲೆ ರೊಟ್ಟಿಯಗಲ. ಆಮೇಲೆ ಆಳೆತ್ತರ. ಬಣ್ಣ ಗುಳ್ಳೆ ಎದ್ದು ಹಪ್ಪಳದಂತೆ ಉದುರಿತು. ಒಳಗಿನ ಗಾರೆ ಪುಡಿಯಾಗಿ ಸುರಿಯಿತು. ಮಳೆಯೇ ಇಲ್ಲದ ಏಪ್ರಿಲ್‌ನಲ್ಲೂ ಆ ಗೋಡೆ ಬೆವರುತ್ತಿತ್ತು. ರಜಾಯಿಗೆ ಬೂಷ್ಟು ಹಿಡಿಯಿತು. ಚಪ್ಪಲಿಯ ಮೇಲೆ ಹಸಿರು ತುಪ್ಪಳ ಬೆಳೆಯಿತು. ಕುರಾನ್ ಸುತ್ತಿಟ್ಟ ಬಟ್ಟೆಯನ್ನೂ ಅದು ಬಿಡಲಿಲ್ಲ. ಮಗಳು ಐಮನ್ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ ಮೇಲೆ ಅವಳನ್ನು ಆರ್.ಟಿ. ನಗರದ ಕುಲ್ಸುಮಳ ತಂಗಿಯ ಮನೆಯಲ್ಲಿ ಬಿಟ್ಟು ಬಂದರು. ಅಕ್ಬರಿಯನ್ನು ಕಳಿಸಲು ಯಾವ ಮನೆಯೂ ಇರಲಿಲ್ಲ.

ಕುಲ್ಸುಮಳ ಕೆಲಸ ರಸ್ತೆಯಾಚೆಯ ಒಂದು ದೊಡ್ಡ ಹೋಟೆಲಿನಲ್ಲಿ. ಬಚ್ಚಲು ಒರೆಸುವುದು. ತೊಳೆಯಲು ಬೇರೆಯವರಿದ್ದರು. ಅವರು ತೊಳೆದು ಹೋದ ಮೇಲೆ ಇವಳು ಮಂಡಿಯೂರಿ ಗಾಜು, ಟೈಲು, ನಲ್ಲಿಯ ಬುಡ, ಎಲ್ಲ ಒಣಗಿಸಬೇಕು. ಸೂಪರ್‌ವೈಸರ್ ಬೆರಳಿಟ್ಟು ನೋಡುತ್ತಿದ್ದ. "ಗೆಸ್ಟ್ ಒಳಗ್ ಬಂದ್ರೆ ಇಲ್ಲಿ ಯಾವತ್ತೂ ಯಾರೂ ಸ್ನಾನಾನೇ ಮಾಡಿಲ್ಲ ಅನ್ನಿಸ್ಬೇಕು ಕಣಮ್ಮ." ಮನೆಗೆ ಬಂದರೆ ಮತ್ತೆ ಮಂಡಿ. ಬ್ಲೀಚಿಂಗ್ ಪೌಡರು, ನಾರಿನ ಬ್ರಷ್ಷು. ಬೆರಳ ತುದಿಗಳು ಸುಲಿದು ಬೆಳ್ಳಗಾದವು. ಗೋಡೆ ಒಂದು ವಾರ ಬೆಳ್ಳಗಿರುತ್ತಿತ್ತು. ಆಮೇಲೆ ಮತ್ತೆ ಮೂಲೆಯಲ್ಲಿ ಎಳ್ಳು.

ಅಶ್ವತ್ಥ್ ಒಮ್ಮೆ ಬಂದು ನೋಡಿದ್ದ. ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು ಫೋನಿನ ಟಾರ್ಚ್ ಬಿಟ್ಟ.

"ಇದು ಲೀಕೇಜ್ ಅಲ್ಲ ಕಣ್ರೀ. ಹಬೆ. ನೀವು ಒಳಗೆ ದಮ್ ಕಟ್ತೀರಾ, ನೀರು ಕುದಿಸ್ತೀರಾ, ದಿನಕ್ಕೆ ಐದು ಸಲ ಕೈಕಾಲು ತೊಳೀತೀರಾ. ಕಿಟಕಿ ಹಾಕ್ಕೊಂಡು ಕೂತ್ಕೋತೀರಾ. ಹಬೆ ಎಲ್ಲಿಗ್ ಹೋಗ್ಬೇಕು ಹೇಳಿ?"

ಕಿಟಕಿ ತೆರೆದರೆ ಅಡಿಯಲ್ಲೇ ತಿಪ್ಪೆ. ನೊಣ. ಅದನ್ನು ನಜೀರ್ ಹೇಳಲಿಲ್ಲ. "ಬಿರಿಯಾನಿ ಹಬ್ಬಕ್ಕೊಂದ್ಸಲ ಸಾರ್," ಎಂದಷ್ಟೇ ಹೇಳಿದ.

ಕುಲ್ಸುಮ್ ಹೇಳಿದಳು: "ಹಸೂಗೆ ನೀರು ಬಿಟ್ಟಾಗೆಲ್ಲ ಗೋಡೆ ಒಳಗೆ ಗುಂಯ್ ಅಂತದೆ ಸಾರ್. ನಮ್ಮತ್ತೆ ಕಿವಿ ಇಟ್ಟು ಕೇಳಿದ್ದಾರೆ."

"ಆ ಗೋಡೇಲಿ ಪೈಪೇ ಇಲ್ಲ. ಕೊಟ್ಟಿಗೆ ಲೈನು ನೆಲದಡಿ ಬರೋದು, ಸಂಪಿಂದ. ಈ ಬಿಲ್ಡಿಂಗ್ ಕಟ್ಸಿದ್ದು ನಾನಾ, ನಿಮ್ಮತ್ತೇನಾ?" ಟಾರ್ಚ್ ಆರಿಸಿದ. "ಹೊಂದ್ಕೊಂಡು ಹೋಗ್ಬೇಕು. ಆಗಲ್ವಾ, ಬೇರೆ ಮನೆ ನೋಡ್ಕೊಳಿ ಗುರು. ಯಾರೂ ಹಿಡ್ಕೊಂಡಿಲ್ಲ."

ಅವನು ಮೆಟ್ಟಿಲು ಹತ್ತಿ ಹೋದ ಮೇಲೆ ನಜೀರ್ ಹಾಸಿಗೆಯ ಮೇಲೆ ಕೂತ. "ನಮ್ಮನೆ ಬಿರಿಯಾನಿಗೆ ಅಷ್ಟು ಹಬೆ ಬರೋದಾದ್ರೆ ಯಶವಂತಪುರದಿಂದ ರೈಲು ಓಡಿಸ್ಬೋದಿತ್ತು," ಎಂದ. ಯಾರೂ ನಗಲಿಲ್ಲ. ಬೇರೆ ಮನೆ ನೋಡಿರಲಿಲ್ಲ ಎಂದಲ್ಲ. ಚಿಕ್ಕಜಾಲದಲ್ಲಿ, ಯಲಹಂಕದಲ್ಲಿ, ಹೆಬ್ಬಾಳದಲ್ಲಿ. ಫೋನಿನಲ್ಲಿ ಮನೆ ಖಾಲಿ ಇರುತ್ತಿತ್ತು. ಹೆಸರು ಕೇಳಿದ ಮೇಲೆ ಅದು ನಿನ್ನೆಯೇ ಹೋಗಿರುತ್ತಿತ್ತು.

ಅಂದಿನಿಂದ ಕುಲ್ಸುಮ್ ಹೆದರಿದಳು. ನೀರಿಗೆ ಹೆದರಿದಳು. ಅನ್ನದ ಪಾತ್ರೆಯನ್ನು ಅಂಗಳಕ್ಕೆ ಒಯ್ದು ಬಸಿದಳು. ಸ್ನಾನಕ್ಕೆ ಒಂದೇ ಬಕೆಟ್ಟು ಎಂದಳು. ನೆಲದ ಮೇಲೆ ಹನಿ ಬಿದ್ದರೆ ಹೋಟೆಲಿನಲ್ಲಿ ಒರೆಸಿದ ಹಾಗೆ ಒರೆಸಿದಳು. ಕೊನೆಗೆ ಅತ್ತೆಯ ಹತ್ತಿರ ಬಂದಳು.

ಅಕ್ಬರಿ ದಿನಕ್ಕೆ ಐದು ಸಲ ವಜೂ ಮಾಡುತ್ತಿದ್ದಳು. ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವುದು. ಕಣ್ಣು ಮಂಜಾಗಿತ್ತು. ನೀರು ಆಚೀಚೆ ಚೆಲ್ಲುತ್ತಿತ್ತು.

"ಇನ್ಮೇಲೆ ತಯಮ್ಮುಮ್ ಮಾಡಿ ಅಮ್ಮೀಜಾನ್," ಎಂದಳು ಕುಲ್ಸುಮ್. ನೀರು ಸಿಗದವರು, ನೀರು ಮುಟ್ಟಿದರೆ ಕಾಯಿಲೆ ಹೆಚ್ಚುವವರು, ಒಣ ಮಣ್ಣಿಗೆ ಅಂಗೈ ತಟ್ಟಿ ಮುಖಕ್ಕೂ ಕೈಗೂ ಸವರಿಕೊಳ್ಳುವ ಕ್ರಮ ಅದು.

"ನೀರಿದೆಯಲ್ಲ ಬೇಟಾ."

"ನಿಮ್ಗೆ ಥಂಡಿ ಆಗ್ತದೆ. ನೀರು ನಕ್ಕೋ, ಬೇಡ."

ಸುಳ್ಳು. ಅಕ್ಬರಿಗೆ ಅದು ತಿಳಿಯಿತು. ಸೊಸೆಯ ದನಿಯಲ್ಲಿದ್ದ ಹೆದರಿಕೆಯೂ ತಿಳಿಯಿತು. ಹೂಂ ಎಂದಳು. ಕುಲ್ಸುಮ್ ಅದನ್ನು ಕೊಟ್ಟಿಗೆಯಲ್ಲಿ ಲಕ್ಷ್ಮಿದೇವಮ್ಮನಿಗೆ ಹೇಳಿಯೂ ಬಂದಳು, ಒಳ್ಳೆಯ ಬಾಡಿಗೆದಾರಳು ಎನಿಸಿಕೊಳ್ಳಲು. "ಈಗ ನಮ್ಮತ್ತೆ ನೀರೇ ಮುಟ್ಟಲ್ಲಮ್ಮಾ. ಮಣ್ಣಲ್ಲೇ ಮಾಡ್ಕೋತಾರೆ."

ಮಣ್ಣು ಎಲ್ಲಿತ್ತು? ಅಂಗಳಕ್ಕೆ ಸಿಮೆಂಟು. ಅಕ್ಬರಿ ಹುಟ್ಟಿ ಬೆಳೆದದ್ದು ಮಣ್ಣಿನ ಗೋಡೆಯ ಮನೆಯಲ್ಲಿ. ಬಣ್ಣದ ಮೇಲೆ ತಯಮ್ಮುಮ್ ಆಗದು, ಮಣ್ಣೇ ಬೇಕು ಎಂದು ಅವಳ ತಾಯಿ ಕಲಿಸಿದ್ದಳು. ಹಾಸಿಗೆಯಲ್ಲಿ ಕೂತು ಗೋಡೆಯನ್ನು ತಡವಿದಳು. ಬಣ್ಣ ಉದುರಿ ಮರಳು ಕೈಗೆ ಸಿಗುವ ಜಾಗ ಹುಡುಕಿದಳು. ಸಿಕ್ಕಿತು. ಅಲ್ಲಿಗೇ ಎರಡೂ ಅಂಗೈ ತಟ್ಟಿದಳು. ಮುಖಕ್ಕೆ ಸವರಿಕೊಂಡಳು. ಮತ್ತೆ ತಟ್ಟಿದಳು. ಕೈಗೆ ಸವರಿಕೊಂಡಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಕುಲ್ಸುಮ್ ಅದನ್ನು ನೋಡಿದ್ದಳು. ಕಣ್ಣಾರೆ ನೋಡಿದ್ದಳು. ನೆಲ ಒಣಗಿದೆಯಲ್ಲ ಎಂದು ಸಮಾಧಾನಪಟ್ಟಿದ್ದಳು. ಅತ್ತೆಯ ಮೂಗಿನ ಹೊಳ್ಳೆಯ ಅಂಚಿನಲ್ಲಿ ಕಪ್ಪು ಕಂಡಾಗ ಸುರ್ಮಾ ಇಳಿದಿದೆ ಎಂದುಕೊಂಡಿದ್ದಳು.

ಉಸಿರು ಸಿಕ್ಕದೆ ಅಕ್ಬರಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಎಕ್ಸ್‌ರೇ ಹಿಡಿದು, ಮನೆಯಲ್ಲಿ ಬೂಷ್ಟು ಹಿಡಿದ ಗೋಡೆ ಏನಾದರೂ ಇದೆಯಾ ಎಂದು ಕೇಳಿದರು. ಗೋಡೆಗೆ ತಟ್ಟಿದ ಎರಡು ಅಂಗೈ ಕುಲ್ಸುಮಳ ಕಣ್ಣ ಮುಂದೆ ಬಂದವು. ಮುಖಕ್ಕೆ ಸವರಿಕೊಂಡು, ಆಳವಾಗಿ ಉಸಿರೆಳೆದು, ಬಿಸ್ಮಿಲ್ಲಾ ಎನ್ನುವ ಮುದುಕಿ.

ಆಸ್ಪತ್ರೆಯವರು ಮನೆಗೆ ಒಯ್ಯಿರಿ ಎಂದ ದಿನ ಅಕ್ಬರಿ ಸೊಸೆಯ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಮಿಟ್ಟಿ ಬಸ್ ಹುಯೀ ಗೇ ಕುಲ್ಸುಮ್. ಪಾನಿ ಹೋನಾ."

ಮಣ್ಣು ಸಾಕಾಯಿತು, ನೀರು ಬೇಕು. ಕುಡಿಯಲು ಎಂದುಕೊಂಡು ಕುಲ್ಸುಮ್ ಲೋಟ ತಂದಳು. ಮುದುಕಿ ತಲೆಯಾಡಿಸಿದಳು. ಸತ್ತ ಮೇಲೆ, ಎಂದಳು. ಮನೆಯಲ್ಲೇ. ನಿನ್ನ ಕೈಯಲ್ಲಿ.

"ಹೂಂ," ಎಂದಿದ್ದಳು ಕುಲ್ಸುಮ್. ಅತ್ತೆ ಇಟ್ಟುಕೊಂಡಿದ್ದ ಆಸೆ ಅದೊಂದೇ.

ಲಕ್ಷ್ಮಿದೇವಮ್ಮ ಬಸ್ಸಾರು ಕೊಟ್ಟುಹೋದ ಮರುದಿನ ಬೆಳಿಗ್ಗೆ ಗೋಣಿಚೀಲದ ಸದ್ದು ನಿಂತಿತು.

ಸುಮೈರಾ ಬಂದಳು. ಕೇರಿಯಲ್ಲಿ ಹೆಂಗಸರು ಸತ್ತರೆ ತೊಳೆಯುವವಳು ಅವಳೇ. ಹಲಗೆ ತಂದಳು. ಬೋರೆ ಎಲೆ, ಕರ್ಪೂರ, ಬಿಳಿ ಬಟ್ಟೆ ತಂದಳು. ನಜೀರ್ ಗೆಳೆಯರನ್ನು ಕರೆದುಕೊಂಡು ಅಂಗಳದಲ್ಲಿ ನಿಂತ. ಇಬ್ಬರು ಹೆಂಗಸರೂ ಅಕ್ಬರಿಯನ್ನು ಹಲಗೆಯ ಮೇಲೆ ಇಳಿಸಿದರು. ಅವಳು ರಜಾಯಿಗಿಂತ ಹಗುರವಾಗಿದ್ದಳು. ಕುಲ್ಸುಮ್ ಬಕೆಟ್ಟು ಇಟ್ಟು ನಲ್ಲಿ ತಿರುಗಿಸಿದಳು.

ನಲ್ಲಿ ಸುಸ್ ಎಂದಿತು. ಒಂದು ಎಳೆ ಬಂತು. ನಿಂತಿತು.

ಪಕ್ಕದ ಮನೆಯಲ್ಲೂ ಇಲ್ಲ. ಅದರ ಪಕ್ಕದಲ್ಲೂ ಇಲ್ಲ. ನಜೀರ್ ಮೆಟ್ಟಿಲ ಬುಡಕ್ಕೆ ಹೋದ. ಅಶ್ವತ್ಥ್ ಮೊದಲ ಮಹಡಿಯ ಕಂಬಿಗೆ ಒರಗಿ ಅಲ್ಲೇ ಇದ್ದ, ಕಾದಿದ್ದವನ ಹಾಗೆ.

"ಸಾರ್, ನೀರು ಬರ್ತಿಲ್ಲ."

"ಕೆಳಗಿನ ವಾಲ್ವ್ ನಾನೇ ಆಫ್ ಮಾಡಿದ್ದು. ಅಮ್ಮ ನಿನ್ನೇನೇ ಹೇಳಿದ್ರಲ್ವಾ? ಮನೇಲಿ ಬಸುರಿ ಇದ್ದಾಳೆ ನಜೀರ್. ಸ್ವಲ್ಪ ನಮ್ ಕಡೆಯಿಂದಾನೂ ಯೋಚ್ನೆ ಮಾಡಿ. ಮಸೀದಿಗ್ ತಗೊಂಡ್ ಹೋಗಿ."

"ಇಲ್ಲಿ ಹತ್ರದ ಮಸೀದೀಲಿ ಹೆಂಗಸ್ರಿಗೆ ಜಾಗ ಇಲ್ಲ ಸಾರ್. ಒಂದ್ ಗಂಟೆ ಬಿಡಿ, ಸಾಕು."

"ಮತ್ತೆ ನಿಮ್ಮಲ್ಲಿ ಮಣ್ಣಲ್ಲೇ ಮಾಡ್ಕೋಬೋದಂತಲ್ಲ?" ಅಶ್ವತ್ಥನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ದಾರಿ ತೋರಿಸುತ್ತಿದ್ದ. "ನಿಮ್ ಹೆಂಡ್ತೀನೇ ಅಮ್ಮಂಗೆ ಹೇಳಿದ್ದಾರೆ. ಅದನ್ನೇ ಮಾಡಿ. ಯಾರಿಗೂ ತೊಂದ್ರೆ ಇಲ್ಲ."

ಒಳಗೆ ಕುಲ್ಸುಮಳಿಗೆ ಪ್ರತಿ ಮಾತೂ ಕೇಳಿಸಿತು.

ನಜೀರ್ ಬಾಗಿಲ ಪರದೆಯ ಆಚೆ ಬಂದು ನಿಂತ. "ಏನ್ ಮಾಡೋಣ?" ಎಂದ. ಸುಮೈರಾ ನಿಟ್ಟುಸಿರು ಬಿಟ್ಟಳು.

"ಜಾಯಿಜ್ ಇದೆ, ತಪ್ಪಿಲ್ಲ. ನೀರಿಲ್ಲ ಅಂದ್ರೆ ಸತ್ತೋರ ಮಯ್ಯತ್‌ಗೂ ತಯಮ್ಮುಮ್ ಮಾಡಿಸ್ಬೋದು."

"ನೀರಿದೆ," ಎಂದಳು ಕುಲ್ಸುಮ್.

"ಎಲ್ಲಿದೆ? ನಿಲ್ಲು, ಅಂಗಡಿಯಿಂದ ಕ್ಯಾನ್ ತರ್ತೀನಿ," ಎಂದ ನಜೀರ್.

"ಬೇಡ. ನೀರಿದೆ ಅಂದೆನಲ್ಲ."

ಆಗಲೇ ಗೋಡೆ ಗುಂಯ್ ಎಂದಿತು. ಆಚೆ ಕೊಟ್ಟಿಗೆಯಲ್ಲಿ ಯಾರೋ ನಲ್ಲಿ ತಿರುಗಿಸಿದ್ದರು. ತೊಟ್ಟಿಗೆ ನೀರು ಬೀಳುವ ಸದ್ದು. ಹಸು ಮೂತಿ ಅದ್ದಿ ಸುರ್ ಸುರ್ ಎಂದು ಎಳೆಯುವ ಸದ್ದು. ಹಸುವಿಗೆ ನೀರಿತ್ತು. ಎಷ್ಟು ಉಜ್ಜಿದ್ದಳು ಕುಲ್ಸುಮ್ ಆ ಗೋಡೆಯನ್ನು. ಯಾರದೋ ನೀರಿಗೆ ತಾನು ಬೈಸಿಕೊಂಡಿದ್ದಳು. ಯಾರದೋ ನೀರಿಗೆ ಹೆದರಿ ಒಬ್ಬ ಮುದುಕಿಯ ಕೈಯಿಂದ ನೀರು ಕಿತ್ತುಕೊಂಡಿದ್ದಳು.

ಅಡುಗೆಯ ಮೂಲೆಗೆ ಹೋದಳು. ಕಬ್ಬಿಣದ ಕುಟ್ಟಾಣಿಯ ಗುಂಡು ಎತ್ತಿಕೊಂಡಳು. ಅದು ಅಕ್ಬರಿ ಮದುವೆಯಾಗಿ ಬರುವಾಗ ತಂದದ್ದು.

"ಕುಲ್ಸುಮ್, ಏನ್ ಮಾಡ್ತಿದ್ದೀಯ?" ಸುಮೈರಾ ಎದ್ದಳು.

ಅತ್ತೆ ತಟ್ಟುತ್ತಿದ್ದ ಜಾಗ ಯಾವುದೆಂದು ಕುಲ್ಸುಮಳಿಗೆ ಗೊತ್ತಿತ್ತು. ಎರಡು ಅಂಗೈಯ ಗುರುತು ಅಲ್ಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದರ ನಡುವೆ ಹೊಡೆದಳು.

ಗಾರೆ ಕಲ್ಲಿನಂತೆ ಸಿಡಿಯಲಿಲ್ಲ. ಕೊಳೆತ ಹಣ್ಣಿನಂತೆ ಒಳಗೆ ಹೋಯಿತು. ಮತ್ತೆ ಹೊಡೆದಳು. ಕಪ್ಪು ಹೆಂಟೆಗಳು ಹಾಸಿಗೆಯ ಮೇಲೆ ಬಿದ್ದವು. ವಾಸನೆ ಎದ್ದಿತು, ವರ್ಷಗಟ್ಟಲೆ ಮುಚ್ಚಿಟ್ಟ ವಾಸನೆ. ದುಪಟ್ಟಾವನ್ನು ಮೂಗಿಗೆ ಬಿಗಿದುಕೊಂಡು ಹೊಡೆದಳು. ಇಟ್ಟಿಗೆ ಚಕ್ಕೆ ಎದ್ದಿತು. ಇಟ್ಟಿಗೆಯ ಸಂದಿನಲ್ಲಿ ಪೈಪು ಕಂಡಿತು. ಮೇಲಿನಿಂದ ಕೆಳಕ್ಕೆ ಇಳಿದ ಪೈಪು. ಕೀಲಿನಲ್ಲಿ ಬಿರುಕು. ಬಿರುಕಿನಿಂದ ನೀರು, ಬೆವರಿನ ಹಾಗೆ, ಒಂದೇ ಸಮನೆ ಒಸರುತ್ತಿತ್ತು. ಅದರ ಸುತ್ತ ಬೂಷ್ಟು ಕಂಬಳಿಯಂತೆ ದಪ್ಪವಾಗಿ ಬೆಳೆದಿತ್ತು.

ಕುಲ್ಸುಮ್ ಪೈಪಿಗೇ ಹೊಡೆದಳು.

ನೀರು ಎದೆಗೆ ಬಡಿಯಿತು. ಮೊದಲು ಮಣ್ಣು ಬೆರೆತು ಕಪ್ಪಾಗಿ ಬಂತು. ಆಮೇಲೆ ಕೆಂಪಗೆ. ಆಮೇಲೆ ತಿಳಿಯಾಗಿ. ತಾರಸಿಯ ಟ್ಯಾಂಕಿನ ತಿಳಿನೀರು.

"ಬಕೆಟ್ಟು ಹಿಡಿ," ಎಂದಳು.

ಸುಮೈರಾ ಹಿಡಿದಳು. ಬಕೆಟ್ಟು ತುಂಬಿತು. ಹಂಡೆ ತುಂಬಿತು. ಅಶ್ವತ್ಥ್ ಸದ್ದು ಕೇಳಿ ಧಡಧಡನೆ ಇಳಿದು ಬಂದ. ನಜೀರ್ ಬಾಗಿಲಿಗೆ ಅಡ್ಡ ನಿಂತ.

"ಏಯ್, ಏನ್ ಒಡೀತಿದ್ದೀರಾ ಒಳಗೆ? ಬಿಡ್ರೀ ನನ್ನ. ನನ್ ಮನೆ ಇದು."

"ಹೆಂಗಸಿನ ಗುಸ್ಲ್ ನಡೀತಿದೆ, ಮೈ ತೊಳೀತಿದ್ದೀವಿ," ಸುಮೈರಾ ಒಳಗಿನಿಂದ ಹೇಳಿದಳು. "ಗಂಡಸ್ರು ಪರದೆ ಮುಟ್ಬಾರ್ದು."

ಪರದೆಯ ಅಡಿಯಿಂದ ನೀರು ಹರಿದು ಬಂದು ಅವನ ಚಪ್ಪಲಿಯ ಪಕ್ಕ ನಿಂತಿತು. ಅಶ್ವತ್ಥ್ ಅದನ್ನು ನೋಡಿದ. ಏನು ಒಡೆದಿದೆ ಎಂದು ಮತ್ತೆ ಕೇಳಲಿಲ್ಲ. ನೀರು ಎಲ್ಲಿಂದ ಬಂತು ಎಂದು ಕೇಳಲಿಲ್ಲ. ತಿರುಗಿ ಓಡಿದ. ಮೊದಲ ಮಹಡಿ, ಎರಡನೆಯದು, ತಾರಸಿ. ಅವನ ಹೆಜ್ಜೆ ಎಲ್ಲಿಯೂ ಅನುಮಾನಿಸಲಿಲ್ಲ. ಯಾವ ವಾಲ್ವ್ ಎಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಕುಲ್ಸುಮ್ ಆ ಹೆಜ್ಜೆಗಳನ್ನು ಕೇಳುತ್ತ ಬಿರಿಯಾನಿಯ ದೊಡ್ಡ ಪಾತ್ರೆಯನ್ನು ಪೈಪಿನ ಬಾಯಿಗೆ ಹಿಡಿದಳು. ಅದು ಕಂಠದವರೆಗೆ ತುಂಬಿದ ಮೇಲೆ ಪೈಪು ಗೊರಗೊರ ಎಂದು ಬತ್ತಿತು.

ಕೊಟ್ಟಿಗೆಯಲ್ಲಿ ನಲ್ಲಿ ನಿಂತುಹೋದದ್ದಕ್ಕೆ ಲಕ್ಷ್ಮಿದೇವಮ್ಮ ಬಂದಳು. ನಜೀರ್ ಅವಳಿಗೆ ದಾರಿ ಬಿಟ್ಟ. ಪರದೆ ಸರಿಸಿದವಳು ಅಲ್ಲೇ ನಿಂತಳು. ಗೋಡೆ ನೋಡಿದಳು. ಹಲಗೆ ನೋಡಿದಳು.

"ಬನ್ನಿ ಅಮ್ಮಾ. ನೀವು ಬರ್ಬೋದು," ಎಂದಳು ಕುಲ್ಸುಮ್. ಮೈಯೆಲ್ಲ ಒದ್ದೆ. ಮುಖದ ಮೇಲೆ ಕಪ್ಪು. "ಪೈಪಿಲ್ಲ ಅಂದ್ರಲ್ಲ ನಿಮ್ ಮಗ. ನೋಡಿ."

ಲಕ್ಷ್ಮಿದೇವಮ್ಮ ಪೈಪಿನ ಕಡೆ ಕೈ ತೋರಿಸಿದಳು. "ಅದು ಮೇಲ್ಗಡೆ ನಮ್ ದೇವ್ರ ಮನೆ ಇಂದ್ಗಡೆಯಿಂದ ಇಳೀತದೆ ಕಣಮ್ಮಿ. ರಿಪೇರಿ ಅಂದ್ರೆ ದೇವ್ರ ಗೋಡೆ ಒಡೀಬೇಕಾಯ್ತದೆ ಅಂದ ಅಶ್ವತ್ಥ. ಎಂಗಾರ ನಡೀತದಲ್ಲ ಅಂತ..."

ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಯಿತು.

"ನಿಮಗೂ ಗೊತ್ತಿತ್ತು," ಎಂದಳು ಕುಲ್ಸುಮ್.

ಲಕ್ಷ್ಮಿದೇವಮ್ಮ ಅಕ್ಬರಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಬಸ್ಸಾರು ಕುಡುದ್ಲಾ?" ಎಂದು ಕೇಳಿದಳು.

"ಇಲ್ಲ. ಅಲ್ಲೇ ಇದೆ ನಿಮ್ ಪಾತ್ರೆ. ತಗೊಂಡ್ ಹೋಗಿ."

ಮುದುಕಿ ಪಾತ್ರೆ ಎತ್ತಿಕೊಂಡಳು. ನೀರಿನಲ್ಲಿ ಕಾಲಿಟ್ಟುಕೊಂಡೇ ಹೊರಗೆ ಹೋದಳು.

ಮಯ್ಯತ್‌ಗೂ ಸ್ನಾನಕ್ಕೆ ಮುಂಚೆ ವಜೂ ಮಾಡಿಸಬೇಕು. ಸುಮೈರಾ ಮಗ್ಗು ಎತ್ತಿದಾಗ ಕುಲ್ಸುಮ್ ಅದನ್ನು ತೆಗೆದುಕೊಂಡಳು. "ಇದನ್ನ ನಾನೇ ಮಾಡಿಸ್ತೀನಿ." ಅತ್ತೆಯ ಕೈ ತೊಳೆದಳು. ಬೆರಳ ಸಂದುಗಳನ್ನು ತೊಳೆದಳು. ಹತ್ತಿ ಒದ್ದೆ ಮಾಡಿ ತುಟಿ ಒರೆಸಿದಳು. ಮೂಗಿನ ಹೊಳ್ಳೆ ಒರೆಸಿದಳು. ಹತ್ತಿ ಕಪ್ಪಾಯಿತು. ಬೇರೆ ಹತ್ತಿ ತೆಗೆದಳು. ಅದೂ ಕಪ್ಪಾಯಿತು. ಹಣೆಯ ಗೆರೆಗಳಲ್ಲಿ ಗೋಡೆ ಕೂತಿತ್ತು. ನೀರು ಹೊಯ್ದಳು. ಧಾರಾಳವಾಗಿ ಹೊಯ್ದಳು. ಅಳಲಿಲ್ಲ. ಹಲ್ಲು ಕಚ್ಚಿ ಉಜ್ಜಿದಳು, ಮಗುವಿಗೆ ಉಜ್ಜಿದಷ್ಟು ಮೆತ್ತಗೆ. ಮುಖ ಕ್ರಮೇಣ ತನ್ನ ಬಣ್ಣಕ್ಕೆ ಬಂತು.

ಆಮೇಲೆ ಇಬ್ಬರೂ ಸೇರಿ ಬೋರೆ ಎಲೆಯ ನೀರು ಹೊಯ್ದರು. ಕೊನೆಗೆ ಕರ್ಪೂರದ ನೀರು. ಪಾತ್ರೆಗಳೆಲ್ಲ ಬರಿದಾದವು. ಹಲಗೆಯ ನೀರೂ ಒಡೆದ ಗೋಡೆಯ ನೀರೂ ಒಂದಾಗಿ ಹೊಸಿಲು ದಾಟಿತು.

ಜನಾಜಾ ಎತ್ತುವ ಹೊತ್ತಿಗೆ ಅಶ್ವತ್ಥ್ ಮೆಟ್ಟಿಲ ಕೊನೆಗೆ ಇಳಿದು ನಿಂತಿದ್ದ. ಕೈಯಲ್ಲಿ ಫೋನು. ಅಂಗಳಕ್ಕೆ ಕಾಲಿಡಲಿಲ್ಲ. ಅಂಗಳದ ತುಂಬ ನೀರಿತ್ತು. ಇಳಿಜಾರು ಮೆಟ್ಟಿಲ ಕಡೆಗೇ ಇತ್ತು. ಅದನ್ನೂ ಕಟ್ಟಿಸಿದವನು ಅವನೇ.

"ಇವತ್ತೇ ಖಾಲಿ ಮಾಡ್ಬೇಕು ನೀವು," ಎಂದ. "ಫಸ್ಟ್ ಆ ನೀರು ಒರ್ಸಿ. ಹೆಣ ಆಮೇಲೆ."

ಹೆಗಲು ಕೊಟ್ಟ ಗಂಡಸರು ನಿಂತರು. ನಜೀರ್ ಹೆಂಡತಿಯ ಕಡೆ ನೋಡಿದ. ಬಾಗಿಲ ಹಿಂದೆ ವೈಪರ್ ಒರಗಿಸಿತ್ತು. ಕುಲ್ಸುಮಳ ಕೈಗೆ ಆ ಕೋಲಿನ ಅಭ್ಯಾಸವಿತ್ತು. ಕಣ್ಣು ಮುಚ್ಚಿ ಒರೆಸಬಲ್ಲಳು, ಇಲ್ಲಿ ಯಾರೂ ಸತ್ತೇ ಇಲ್ಲ ಎನ್ನಿಸುವಂತೆ ಒರೆಸಬಲ್ಲಳು.

"ಖಾಲಿ ಮಾಡ್ತೀವಿ," ಎಂದಳು. ಅವಳ ದನಿ ಅಂಗಳದ ಎಲ್ಲ ಮನೆಗಳಿಗೂ ಕೇಳುವಷ್ಟಿತ್ತು. "ಗೋಡೆ ಹಿಂಗೇ ತೆರೆದಿರುತ್ತೆ. ನೀರು ನಿಮ್ ಪೈಪಿಂದು. ನೀವೇ ಒರ್ಸ್ಕೊಳಿ."

ನಡೀರಿ ಎಂದು ನಜೀರನಿಗೆ ಕೈ ಮಾಡಿದಳು.

ಗಂಡಸರು ನೀರು ತುಳಿದುಕೊಂಡು ಹೊರಟರು. ಅವರ ಕಾಲಿನಿಂದ ಎದ್ದ ಅಲೆ ಅಂಗಳ ದಾಟಿ ಮೊದಲ ಮೆಟ್ಟಿಲಿಗೆ ಬಡಿಯಿತು. ಅಶ್ವತ್ಥ್ ಒಂದು ಮೆಟ್ಟಿಲು ಮೇಲಕ್ಕೆ ಸರಿದ.